ಮಕ್ಕಳನ್ನು ಎಷ್ಟು ಕ್ಲಾಸಿಗೆ ಸೇರಿಸಬೇಕು? ಮೊದಲು ಖಾಲಿ ಸಂಜೆ ಎಣಿಸಿ

ಮೇ ಕೊನೆಯ ವಾರ ಬಂತೆಂದರೆ ಒಂದೇ ಪ್ರಶ್ನೆ ಹತ್ತು ಬಾಯಿಂದ ಬರುತ್ತದೆ. "ಮಗಳು ನಾಲ್ಕನೇ ಕ್ಲಾಸ್. ಭರತನಾಟ್ಯ, ಕೀಬೋರ್ಡ್, ಸ್ಕೇಟಿಂಗ್, ಅಬಾಕಸ್ ಎಲ್ಲಾ ಬೇಕು ಅಂತಾಳೆ. ನಾಲ್ಕಕ್ಕೂ ಸೇರಿಸಬಹುದಾ?" "ಮಗನಿಗೆ ಚೆಸ್ ಒಂದೇ ಇರೋದು. ಪಕ್ಕದ ಮನೆ ಹುಡುಗ ಮೂರು ಕ್ಲಾಸಿಗೆ ಹೋಗ್ತಾನೆ. ನಮ್ಮವನು ಹಿಂದೆ ಬೀಳ್ತಾನಾ?" ಇಷ್ಟು ದಿನ ಒಬ್ಬೊಬ್ಬರಿಗೂ ಬೇರೆ ಬೇರೆಯಾಗಿ ಉತ್ತರ ಹೇಳಿದ್ದೇನೆ. ಈಗ ಎಲ್ಲವನ್ನೂ ಒಂದೇ ಕಡೆ ಬರೆಯುತ್ತಿದ್ದೇನೆ.

ನಾನು ಮನೆಯಲ್ಲಿ ಮಕ್ಕಳಿಗೆ ಸಂಗೀತ ಹೇಳಿಕೊಡುವವಳು. ಅಂದರೆ ನೀವು ಲೆಕ್ಕ ಹಾಕುವ ಕ್ಲಾಸುಗಳಲ್ಲಿ ನನ್ನದೂ ಒಂದು. ಸಂಜೆ ಆರೂವರೆಯ ಬ್ಯಾಚಿಗೆ ಎಂಟು ವರ್ಷದ ಹುಡುಗಿಯೊಬ್ಬಳು ಸ್ಕೇಟಿಂಗ್ ಮುಗಿಸಿಕೊಂಡು ನೇರ ಬರುತ್ತಿದ್ದಳು. ಆದಿತಾಳ ಹಾಕುವಾಗ ಒಂದು ಪೆಟ್ಟು, ಆಮೇಲೆ ಕಿರುಬೆರಳು, ಉಂಗುರದ ಬೆರಳು, ನಡುಬೆರಳು ಅಂತ ಎಣಿಸಬೇಕು. ಅವಳ ಕೈ ಉಂಗುರದ ಬೆರಳಿಗೆ ಬಂದು ತೊಡೆಯ ಮೇಲೆ ಹಾಗೇ ನಿಂತುಬಿಡುತ್ತಿತ್ತು. ಬಾಯಿ ಹಾಡುತ್ತಿತ್ತು, ಕಣ್ಣು ಎಳೆಯುತ್ತಿತ್ತು. ಮಗುವಿನ ಕಂಠ ಚೆನ್ನಾಗಿತ್ತು, ಶ್ರುತಿ ನಿಲ್ಲುತ್ತಿತ್ತು. ನಿದ್ದೆ ಮಾತ್ರ ಸಾಲುತ್ತಿರಲಿಲ್ಲ.

ಮೊದಲೇ ಚಿಕ್ಕ ಉತ್ತರ ಹೇಳಿಬಿಡುತ್ತೇನೆ. ಒಂದನೇ ಕ್ಲಾಸಿಗೆ ಮುಂಚೆ ಯಾವುದೂ ಬೇಡ. ನಾಲ್ಕನೇ ಕ್ಲಾಸಿನವರೆಗೆ ಒಂದು ಸಾಕು. ಆಮೇಲೆ ಹೆಚ್ಚೆಂದರೆ ಎರಡು. ಆದರೆ ಈ ಸಂಖ್ಯೆಯನ್ನು ಸುಮ್ನೆ ನಂಬಿ ಹೊರಡಬೇಡಿ. ನಿಮ್ಮ ಮನೆಯ ಸಂಖ್ಯೆಯನ್ನು ನೀವೇ ಲೆಕ್ಕ ಹಾಕಬೇಕು. ಅದು ಹೇಗೆ ಅಂತ ಕೆಳಗಿದೆ.

ಏನೇನು ಬೇಕು

ಒಂದು ದೊಡ್ಡ ಹಾಳೆ, ಮೂರು ಬಣ್ಣದ ಸ್ಕೆಚ್ ಪೆನ್, ಒಂದು ವಾರದ ತಾಳ್ಮೆ. ಭಾನುವಾರ ಅರ್ಧ ಗಂಟೆ ಅಪ್ಪ, ಅಮ್ಮ, ಮಗು ಮೂವರೂ ಒಟ್ಟಿಗೆ ಕೂರಬೇಕು. ಮಗುವನ್ನು ಕ್ಲಾಸಿಗೆ ಕರೆದುಕೊಂಡು ಹೋಗುವವರು ಅಜ್ಜ ಅಥವಾ ಅಜ್ಜಿ ಆಗಿದ್ದರೆ ಅವರೂ ಇರಲಿ. ಮಳೆಯಲ್ಲಿ ಕೊಡೆ ಹಿಡಿದು ಹೊರಗೆ ಕಾಯುವವರು ಅವರೇ ಅಲ್ವಾ?

1. ಒಂದು ವಾರ ಇದ್ದದ್ದನ್ನು ಇದ್ದ ಹಾಗೆ ಬರೆಯಿರಿ

ಹಾಳೆಯಲ್ಲಿ ಏಳು ಕಂಬಗಳನ್ನು ಎಳೆಯಿರಿ, ದಿನಕ್ಕೊಂದು. ಮಗು ಎದ್ದದ್ದು, ಸ್ಕೂಲ್ ವ್ಯಾನ್ ಬಂದದ್ದು, ಮನೆಗೆ ಮರಳಿದ್ದು, ತಿಂದದ್ದು, ಹೋಂವರ್ಕ್ ಮಾಡಿದ್ದು, ಟಿವಿ ಅಥವಾ ಮೊಬೈಲ್ ನೋಡಿದ್ದು, ಮಲಗಿದ್ದು ಎಲ್ಲದರ ಹೊತ್ತನ್ನು ಬರೆಯಿರಿ. "ಒಂಬತ್ತಕ್ಕೆ ಮಲಗ್ತಾನೆ" ಅಂತ ನಾವು ಹೇಳುತ್ತೇವೆ. ಬರೆದು ನೋಡಿದರೆ ಬಹಳ ಮನೆಗಳಲ್ಲಿ ಹತ್ತು ದಾಟಿರುತ್ತದೆ. ಯಾರಿಗೂ ತೋರಿಸಬೇಕಾಗಿಲ್ಲ, ನಿಜ ಬರೆಯಿರಿ.

ಟ್ಯೂಷನ್ ಇದ್ದರೆ ಅದನ್ನೂ ಬರೆಯಿರಿ. ಎಲ್ಲರೂ ಎಡವುವುದು ಇಲ್ಲೇ. "ಕ್ಲಾಸ್ ಅಂತ ಇರೋದು ಕರಾಟೆ ಒಂದೇ" ಅನ್ನುವವರ ಮಗು ವಾರಕ್ಕೆ ಐದು ದಿನ ಟ್ಯೂಷನ್ನಿಗೆ ಹೋಗುತ್ತಿರುತ್ತದೆ. ಮಗುವಿನ ಮಟ್ಟಿಗೆ ಅದೂ ಒಂದು ಕ್ಲಾಸು. ಅಬಾಕಸ್, ಹ್ಯಾಂಡ್‌ರೈಟಿಂಗ್, ಆನ್‌ಲೈನ್ ಕೋಡಿಂಗ್ ಕೂಡ ಅಷ್ಟೇ. ಹೊರದೇಶದಲ್ಲಿರುವ ಮನೆಗಳಲ್ಲಿ ವಾರದ ಕೊನೆಯ ಕನ್ನಡ ತರಗತಿಯೂ ಲೆಕ್ಕಕ್ಕೆ ಬರಬೇಕು. ಅದನ್ನು ಬಿಡಿ ಅಂತ ನಾನು ಹೇಳುತ್ತಿಲ್ಲ. ಅದಕ್ಕೂ ಹೊತ್ತು ಬೇಕು ಅಂತಷ್ಟೇ.

2. ನಿದ್ದೆಯ ಹೊತ್ತು ಮೊದಲು ತೆಗೆದಿಡಿ

6ರಿಂದ 12 ವರ್ಷದ ಮಕ್ಕಳಿಗೆ ದಿನಕ್ಕೆ 9ರಿಂದ 12 ಗಂಟೆ, 13ರಿಂದ 18 ವರ್ಷದವರಿಗೆ 8ರಿಂದ 10 ಗಂಟೆ ನಿದ್ದೆ ಬೇಕು. ಇದು ಅಮೆರಿಕನ್ ಅಕಾಡೆಮಿ ಆಫ್ ಸ್ಲೀಪ್ ಮೆಡಿಸಿನ್ 2016ರಲ್ಲಿ ಕೊಟ್ಟ ಲೆಕ್ಕ. 3ರಿಂದ 5 ವರ್ಷದವರಿಗೆ ಮಧ್ಯಾಹ್ನದ ನಿದ್ದೆಯೂ ಸೇರಿ 10ರಿಂದ 13 ಗಂಟೆ.

ಈಗ ಬೆಳಗ್ಗೆಯಿಂದ ಹಿಂದಕ್ಕೆ ಎಣಿಸಿ. ನಾಲ್ಕನೇ ಕ್ಲಾಸಿನ ಒಂದು ಮಗುವನ್ನು ಇಟ್ಟುಕೊಂಡು ನೋಡೋಣ. ವ್ಯಾನ್ 7:30ಕ್ಕೆ ಬರುತ್ತದೆ. ಹಾಗಾದರೆ 6:15ಕ್ಕೆ ಏಳಬೇಕು. 9 ಗಂಟೆಗೆ ದೀಪ ಆರಿಸಿದರೆ 9 ಗಂಟೆ 15 ನಿಮಿಷದ ನಿದ್ದೆ ಸಿಗುತ್ತದೆ. 9ಕ್ಕೆ ಮಲಗಬೇಕಾದರೆ 8ಕ್ಕೆ ಊಟ. ಮನೆಗೆ ಬರುವುದು 4:15ಕ್ಕೆ. ಉಳಿದದ್ದು ಮೂರೂಮುಕ್ಕಾಲು ಗಂಟೆ. ಕೈಕಾಲು ತೊಳೆದು ತಿಂಡಿ ತಿಂದು ಸ್ವಲ್ಪ ಉಸಿರು ಬಿಡಲು ಮುಕ್ಕಾಲು ಗಂಟೆ, ಹೋಂವರ್ಕಿಗೆ ಮುಕ್ಕಾಲು ಗಂಟೆ ತೆಗೆಯಿರಿ. ಕೈಯಲ್ಲಿ ಉಳಿಯುವುದು ದಿನಕ್ಕೆ ಎರಡೂಕಾಲು ಗಂಟೆ. ಸೋಮವಾರದಿಂದ ಶುಕ್ರವಾರದವರೆಗೆ 11 ಗಂಟೆ 15 ನಿಮಿಷ.

ಆಟ, ಕ್ಲಾಸು, ಅಜ್ಜಿ ಜೊತೆ ಮಾತು, ಸುಮ್ಮನೆ ಕೂರುವುದು, ಜ್ವರ ಬಂದರೆ ಮಲಗುವುದು ಎಲ್ಲವೂ ಈ ಹನ್ನೊಂದು ಗಂಟೆಯೊಳಗೇ ಆಗಬೇಕು. ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತ ದುಡ್ಡಿಗೆ ಹೇಳುತ್ತೇವೆ. ಮಕ್ಕಳ ಹೊತ್ತಿಗೂ ಅದೇ ಮಾತು.

ಹೋಂವರ್ಕ್ ದಿನಾ ಎರಡು ಗಂಟೆ ಹಿಡಿಯುತ್ತಿದೆಯಾ? ಹಾಗಿದ್ದರೆ ಹೊಸ ಕ್ಲಾಸಿನ ಮಾತು ಪಕ್ಕಕ್ಕಿಡಿ, ಮೊದಲು ಟೀಚರ್ ಹತ್ತಿರ ಮಾತಾಡಿ. ಕೇಂದ್ರ ಸರ್ಕಾರದ 2020ರ ಶಾಲಾ ಬ್ಯಾಗ್ ನೀತಿಯ ಪ್ರಕಾರ ಎರಡನೇ ಕ್ಲಾಸಿನವರೆಗೆ ಹೋಂವರ್ಕ್ ಇರಬಾರದು. 3ರಿಂದ 5ನೇ ಕ್ಲಾಸಿಗೆ ಇಡೀ ವಾರಕ್ಕೆ ಎರಡು ಗಂಟೆ, 6ರಿಂದ 8ನೇ ಕ್ಲಾಸಿಗೆ ದಿನಕ್ಕೆ ಒಂದು ಗಂಟೆ ಮೀರಬಾರದು. ನಾನು ಮೇಲೆ ಹಿಡಿದ ಮುಕ್ಕಾಲು ಗಂಟೆ ಕೂಡ ಇದಕ್ಕಿಂತ ಜಾಸ್ತಿಯೇ.

3. ಖಾಲಿ ಸಂಜೆಗಳಿಗೆ ಬಣ್ಣ ಹಚ್ಚಿ

ಎಲ್ಲರೂ ಕ್ಲಾಸುಗಳನ್ನು ಮೊದಲು ಹಾಕಿ, ಉಳಿದದ್ದನ್ನು ಬಿಡುವು ಅನ್ನುತ್ತಾರೆ. ನೀವು ತಿರುಗಿಸಿ ಮಾಡಿ. ವಾರದ ಐದು ಸಂಜೆಗಳಲ್ಲಿ ಖಾಲಿ ಇರಬೇಕಾದವನ್ನು ಮೊದಲೇ ಹಸಿರು ಬಣ್ಣದಲ್ಲಿ ತುಂಬಿ. ನಾಲ್ಕನೇ ಕ್ಲಾಸಿನವರೆಗೆ ಮೂರು ಸಂಜೆ. ಐದರಿಂದ ಮೇಲೆ ಕನಿಷ್ಠ ಎರಡು. ಭಾನುವಾರ ಪೂರ್ತಿ, ಅಥವಾ ಅದರ ಅರ್ಧವಾದರೂ. ಹಸಿರು ಜಾಗಕ್ಕೆ ಆಮೇಲೆ ಯಾವ ಕ್ಲಾಸೂ ಬರಬಾರದು.

"ಸುಮ್ನೆ ಬಿಟ್ಟರೆ ಮೊಬೈಲ್ ಹಿಡೀತಾನೆ, ಅದಕ್ಕಿಂತ ಕ್ಲಾಸೇ ವಾಸಿ." ಇದನ್ನು ನಾನು ತುಂಬಾ ಕೇಳಿದ್ದೇನೆ. ನಿಮ್ಮ ಭಯ ನಿಜವೇ. ಆದರೆ ಅದಕ್ಕೆ ಮೊಬೈಲನ್ನು ಎತ್ತಿಡಬೇಕು. ಸಂಜೆಯನ್ನೇ ತುಂಬಿಸಿಬಿಟ್ಟರೆ ಮಗುವಿಗೆ ತನ್ನ ಹೊತ್ತು ತಾನೇ ಕಳೆಯುವ ಅಭ್ಯಾಸ ಬೆಳೆಯುವುದೇ ಇಲ್ಲ. ಮೊದಲ ಎರಡು ವಾರ "ಬೋರ್ ಆಗ್ತಿದೆ" ಅಂತ ನಿಮ್ಮ ಹಿಂದೆ ಹಿಂದೆ ತಿರುಗುತ್ತದೆ. ತಡೆದುಕೊಳ್ಳಿ. ಮನೆಯಲ್ಲಿ ಒಂದು ಚೌಕಾಬಾರದ ಮಣೆ, ನಾಲ್ಕು ಕವಡೆ, ಬಣ್ಣದ ಪೆನ್ಸಿಲ್, ಕೆಲವು ಕಥೆ ಪುಸ್ತಕ ಕೈಗೆ ಸಿಗುವ ಹಾಗೆ ಇರಲಿ. ಬೀದಿಯಲ್ಲಿ ಇನ್ನೆರಡು ಮನೆಯವರೂ ಅದೇ ಸಂಜೆಯನ್ನು ಖಾಲಿ ಬಿಟ್ಟರೆ ಲಗೋರಿ ತಾನಾಗೇ ಶುರುವಾಗುತ್ತದೆ. ಅದಕ್ಕೆ ಆ ಮನೆಯವರ ಜೊತೆ ಒಂದು ಮಾತು ಆಡಿಟ್ಟುಕೊಳ್ಳಿ.

ವಿಶ್ರಾಂತಿ ಮತ್ತು ಆಟ ಮಗುವಿನ ಹಕ್ಕು. ವಿಶ್ವಸಂಸ್ಥೆಯ 1989ರ ಮಕ್ಕಳ ಹಕ್ಕುಗಳ ಒಡಂಬಡಿಕೆಯ 31ನೇ ವಿಧಿ ಇದನ್ನು ಹೇಳುತ್ತದೆ. ಭಾರತ 1992ರಲ್ಲಿ ಅದನ್ನು ಒಪ್ಪಿಕೊಂಡಿದೆ.

4. ಒಂದು ಕ್ಲಾಸಿನ ನಿಜವಾದ ಗಂಟೆ ಲೆಕ್ಕ ಹಾಕಿ

ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ. ಮನೆಗಳಲ್ಲಿ ಲೆಕ್ಕ ತಪ್ಪುವುದು ಇದೇ ಹಂತದಲ್ಲಿ.

"ವಾರಕ್ಕೆ ಎರಡು ದಿನ, ಒಂದೊಂದು ಗಂಟೆ" ಅಂತ ಬೋರ್ಡಿನಲ್ಲಿ ಇರುತ್ತದೆ. ಅದು ಕ್ಲಾಸಿನ ಒಳಗಿನ ಗಂಟೆ ಮಾತ್ರ. ಅದಕ್ಕೆ ಮೂರು ಸೇರಿಸಬೇಕು: ಹೋಗಿ ಬರುವ ಹೊತ್ತು, ಮನೆಯಲ್ಲಿ ಮಾಡುವ ಅಭ್ಯಾಸ, ಆಗಾಗ ಬರುವ ಹೆಚ್ಚುವರಿ ದಿನಗಳು.

ಭರತನಾಟ್ಯ ತೆಗೆದುಕೊಳ್ಳಿ. ಕ್ಲಾಸು 2 ಗಂಟೆ. ಟ್ರಾಫಿಕ್ಕಿನಲ್ಲಿ ಹೋಗಲು 25 ನಿಮಿಷ, ಬರಲು 25, ಎರಡು ದಿನಕ್ಕೆ 1 ಗಂಟೆ 40 ನಿಮಿಷ. ಮನೆಯಲ್ಲಿ ನಾಲ್ಕು ದಿನ 20 ನಿಮಿಷದ ಅಭ್ಯಾಸ ಅಂದರೆ 1 ಗಂಟೆ 20 ನಿಮಿಷ. ಒಟ್ಟು 5 ಗಂಟೆ. ಅದರ ಜೊತೆ ಷಟಲ್ ಸೇರಿಸಿ. ವಾರಕ್ಕೆ ಮೂರು ದಿನ, ಹೋಗಿ ಬರುವುದೂ ಸೇರಿ ದಿನಕ್ಕೆ ಒಂದೂವರೆ ಗಂಟೆ. ನಾಲ್ಕೂವರೆ ಗಂಟೆ ಆಯಿತು. ಎರಡೂ ಸೇರಿ ಒಂಬತ್ತೂವರೆ. ನಮ್ಮ ಮಗುವಿನ ಹತ್ತಿರ ಇದ್ದದ್ದೇ 11 ಗಂಟೆ 15 ನಿಮಿಷ. ಸೋಮ, ಗುರು ನೃತ್ಯ. ಮಂಗಳ, ಬುಧ, ಶುಕ್ರ ಷಟಲ್. ಹೆಸರಿಗೆ ಎರಡೇ ಕ್ಲಾಸು, ಆದರೆ ಒಂದು ಸಂಜೆಯೂ ಖಾಲಿ ಇಲ್ಲ.

ಈಜು ಇನ್ನೊಂದು ಥರ. 45 ನಿಮಿಷದ ಬ್ಯಾಚು. ಹೋಗಿ, ಬಟ್ಟೆ ಬದಲಿಸಿ, ಈಜಿ, ಸ್ನಾನ ಮಾಡಿ, ತಲೆ ಒರೆಸಿಕೊಂಡು, ಹೊಟ್ಟೆ ಹಸಿದು ಮನೆ ಸೇರುವಷ್ಟರಲ್ಲಿ ಎರಡು ಗಂಟೆ. ಅಬಾಕಸ್‌ಗೆ ವಾರಕ್ಕೊಂದೇ ಕ್ಲಾಸು, ಆದರೆ ದಿನಾ ಮನೆಯಲ್ಲಿ ಲೆಕ್ಕದ ಹಾಳೆಗಳು. ಸಂಗೀತದಲ್ಲಿ ದಿನಾ ಕಾಲು ಗಂಟೆಯಾದರೂ ಹಾಡಿಕೊಳ್ಳದ ಮಗು ವಾರ ವಾರ ಬಂದರೂ ಇದ್ದಲ್ಲೇ ಇರುತ್ತದೆ. ಇದನ್ನು ನನ್ನ ಸ್ವಂತ ಕ್ಲಾಸಿನಲ್ಲೇ ಕಂಡಿದ್ದೇನೆ. ಅಭ್ಯಾಸಕ್ಕೆ ಹೊತ್ತು ಇಲ್ಲದಿದ್ದರೆ ಆ ಕ್ಲಾಸಿಗೆ ಸೇರಿಸದೇ ಇರುವುದು ಒಳ್ಳೆಯದು. ದುಡ್ಡೂ ಉಳಿಯುತ್ತದೆ, ಮಗು "ನನಗೆ ಸಂಗೀತ ಬರಲ್ಲ" ಅಂತ ತೀರ್ಮಾನ ಮಾಡಿಕೊಳ್ಳುವುದೂ ತಪ್ಪುತ್ತದೆ.

ಹೆಚ್ಚುವರಿ ದಿನಗಳನ್ನು ಮೊದಲೇ ಕೇಳಿ ಬರೆದುಕೊಳ್ಳಿ. ಕರಾಟೆಯಲ್ಲಿ ಗ್ರೇಡಿಂಗ್ ಇರುತ್ತದೆ, ಅಂದರೆ ಬೆಲ್ಟಿನ ಬಣ್ಣ ಬದಲಾಗುವ ಪರೀಕ್ಷೆ. ಚೆಸ್‌ನಲ್ಲಿ ರೇಟಿಂಗ್ ಟೂರ್ನಿಗಳಿವೆ. ಆಟಗಾರನ ಮಟ್ಟವನ್ನು ಅಂಕಿಯಲ್ಲಿ ತೋರಿಸುವುದೇ ರೇಟಿಂಗ್, ಅದಕ್ಕಾಗಿ ಶನಿವಾರ, ಭಾನುವಾರ ಇಡೀ ದಿನ ಕೂರಬೇಕಾಗುತ್ತದೆ. ಸಂಗೀತ, ನೃತ್ಯದಲ್ಲಿ ಜೂನಿಯರ್, ಸೀನಿಯರ್, ವಿದ್ವತ್ ಪರೀಕ್ಷೆಗಳು, ವಾರ್ಷಿಕೋತ್ಸವದ ರಿಹರ್ಸಲ್‌ಗಳು. ಫೀಸಿನ ವಿಷಯವೂ ಹೀಗೇ. ತಿಂಗಳ ಫೀಸು ಬಿಟ್ಟು ಡ್ರೆಸ್, ಪರೀಕ್ಷೆ, ಮೇಕಪ್, ಟೂರ್ನಿ ಪ್ರವೇಶ ಎಲ್ಲಾ ಸೇರಿ ವರ್ಷಕ್ಕೆ ಎಷ್ಟು ಅಂತ ಹಳೆಯ ವಿದ್ಯಾರ್ಥಿಯ ಪೋಷಕರನ್ನು ಕೇಳಿ. ಅವರು ಸರಿಯಾಗಿ ಹೇಳುತ್ತಾರೆ.

5. ಸಂಖ್ಯೆ ಗೊತ್ತು ಮಾಡಿ

ಹಾಳೆಯಲ್ಲಿ ಹಸಿರು ಬಿಟ್ಟು ಉಳಿದ ಜಾಗ ನೋಡಿ. ನಾಲ್ಕನೇ ಹಂತದ ಲೆಕ್ಕ ಅದರೊಳಗೆ ಕೂತರೆ ಸೇರಿಸಿ, ಕೂರದಿದ್ದರೆ ಬೇಡ. ವಯಸ್ಸಿನ ಪ್ರಕಾರ ನನ್ನ ಅನಿಸಿಕೆ ಇಷ್ಟು.

ಎಲ್‌ಕೆಜಿ, ಯುಕೆಜಿ: ಯಾವ ಕ್ಲಾಸೂ ಬೇಡ. ಮರಳು, ನೀರು, ಅಜ್ಜಿಯ ಹಾಡು, ಅಡುಗೆಮನೆಯ ಪಾತ್ರೆ ಸಾಕು.

1ರಿಂದ 4ನೇ ಕ್ಲಾಸ್: ಒಂದು. ವಾರಕ್ಕೆ ಎರಡು ಸಂಜೆ ಮೀರದ್ದು.

5ರಿಂದ 7: ಎರಡು. ಅದರಲ್ಲಿ ಒಂದು ಮೈ ಬೆವರುವಂಥದ್ದು. 5ರಿಂದ 17 ವರ್ಷದವರಿಗೆ ದಿನಕ್ಕೆ ಸರಾಸರಿ 60 ನಿಮಿಷ ಚುರುಕಾದ ದೈಹಿಕ ಚಟುವಟಿಕೆ ಬೇಕು ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಚೆಸ್, ಡ್ರಾಯಿಂಗ್, ಕೀಬೋರ್ಡ್ ಮೂರೂ ಕೂತು ಮಾಡುವಂಥವು ಅನ್ನುವುದನ್ನು ಗಮನಿಸಿ. ಬೀದಿಯಲ್ಲಿ ಓಡಿ ಆಡುವ ಮಗುವಿಗೆ ಇದಕ್ಕಾಗಿ ಬೇರೆ ಕ್ಲಾಸ್ ಬೇಕಾಗಿಲ್ಲ.

8ರಿಂದ 10: ಮಗು ತಾನೇ ಬಿಡಲೊಲ್ಲದ ಒಂದು, ಜೊತೆಗೆ ಆಟ. ಎಸೆಸೆಲ್ಸಿ ಬಂತೆಂದು ಜೂನ್‌ನಲ್ಲೇ ಎಲ್ಲವನ್ನೂ ಕಿತ್ತುಹಾಕಬೇಡಿ. ಸಂಜೆ ಅರ್ಧ ಗಂಟೆಯ ಆಟ ಓದಿಗೆ ಅಡ್ಡ ಬರುವುದಿಲ್ಲ. ವಾರಕ್ಕೆ ಎರಡು ದಿನದ ಕ್ಲಾಸನ್ನು ಒಂದಕ್ಕಿಳಿಸಿ, ಪರೀಕ್ಷೆಗೆ ಎರಡು ತಿಂಗಳಿರುವಾಗ ಬೇಕಾದರೆ ನಿಲ್ಲಿಸಿ.

ಇಬ್ಬರೂ ಕೆಲಸಕ್ಕೆ ಹೋಗುವ ಮನೆಯಲ್ಲಿ ಏಳು ಗಂಟೆಯವರೆಗೆ ಮಗುವನ್ನು ನೋಡಿಕೊಳ್ಳಲು ಯಾರೂ ಇರುವುದಿಲ್ಲ, ಅದಕ್ಕೇ ಕ್ಲಾಸು. ಇದರಲ್ಲಿ ತಪ್ಪೇನಿಲ್ಲ, ಆದರೆ ನಿಮಗೆ ನೀವೇ ಸ್ಪಷ್ಟವಾಗಿರಿ. ನಿಮಗೆ ಬೇಕಾಗಿರುವುದು ಮಗು ಭದ್ರವಾಗಿರುವ ಜಾಗ. ಹಾಗಿದ್ದರೆ ಮೂರು ಕಡೆ ಓಡಾಡಿಸುವ ಬದಲು ಆಟಕ್ಕೆ ಬಿಡುವ ಒಂದೇ ಡೇಕೇರ್, ಅಥವಾ ಪರಸ್ಪರ ನಂಬುವ ಎರಡು ಮನೆಗಳ ಸರದಿ ಒಳ್ಳೆಯದು.

ಹಳ್ಳಿಯಲ್ಲಿ, ಸಣ್ಣ ಊರಿನಲ್ಲಿ ಇರುವವರು "ನಮ್ಮಲ್ಲಿ ಕ್ಲಾಸೇ ಇಲ್ಲ" ಅಂತ ಕೊರಗಬೇಡಿ. ಶಾಲೆಯ ಖೋಖೋ, ಕಬಡ್ಡಿ, ಪ್ರತಿಭಾ ಕಾರಂಜಿಯ ತಯಾರಿ, ಪಂಚಾಯಿತಿಯ ಗ್ರಂಥಾಲಯ ಇವೇ ಸಾಕಷ್ಟಾಯಿತು. ಕರಾವಳಿಯಲ್ಲಾದರೆ ಯಕ್ಷಗಾನದ ಹೆಜ್ಜೆ ಹೇಳಿಕೊಡುವವರು ಹತ್ತಿರದಲ್ಲೇ ಸಿಗಬಹುದು.

6. ಯಾವುದು ಅಂತ ಮಗುವಿನ ಜೊತೆ ಆರಿಸಿ

"ಸೇರ್ತೀಯಾ ಪುಟ್ಟಾ?" ಅಂತ ಕೇಳಿದರೆ ಮಕ್ಕಳು ಎಲ್ಲದಕ್ಕೂ ಹೂಂ ಅನ್ನುತ್ತಾರೆ. ಗೆಳತಿ ಹೋಗುತ್ತಾಳೆ, ಗೆಜ್ಜೆ ಚೆನ್ನಾಗಿದೆ, ಸ್ಕೇಟ್ಸ್‌ನಲ್ಲಿ ಲೈಟ್ ಇದೆ. ಕೇಳುವ ಬದಲು ತೋರಿಸಿ. ಕರೆದುಕೊಂಡು ಹೋಗಿ ಒಂದು ಪೂರ್ತಿ ಕ್ಲಾಸು ಕೂರಿಸಿ, ಅದೂ ಹೊಸಬರ ಬ್ಯಾಚಿನಲ್ಲಿ. ವೇದಿಕೆಯ ಕಾರ್ಯಕ್ರಮ ತೋರಿಸಿ ಸೇರಿಸಬೇಡಿ.

ಮೊದಲ ವರ್ಷ ಹೇಗಿರುತ್ತದೆ ಅಂತ ನಿಮಗೂ ಗೊತ್ತಿರಲಿ. ಕರ್ನಾಟಕ ಸಂಗೀತದಲ್ಲಿ ಶುರುವಿಗೆ ಹಾಡು ಇರುವುದಿಲ್ಲ. ಮಾಯಾಮಾಳವಗೌಳ ರಾಗದಲ್ಲಿ ಸರಳೆ ವರಸೆ, ಆಮೇಲೆ ಜಂಟಿ ವರಸೆ. ಇವು ಸ್ವರಗಳನ್ನು ಬೇರೆ ಬೇರೆ ಜೋಡಣೆಯಲ್ಲಿ ಹಾಡುವ ಪಾಠಗಳು. ಒಂದೊಂದನ್ನೂ ಮೂರು ಕಾಲದಲ್ಲಿ, ಅಂದರೆ ಮೂರು ವೇಗದಲ್ಲಿ ಹಾಡಬೇಕು. ಭರತನಾಟ್ಯದಲ್ಲಿ ತಿಂಗಳುಗಟ್ಟಲೆ ಅಡವು, ಅಂದರೆ ಮೂಲ ಹೆಜ್ಜೆಗಳು. ಅದೂ ಅರಮಂಡಿಯಲ್ಲಿ, ಮಂಡಿ ಹೊರಕ್ಕೆ ಮಡಿಸಿ ಅರ್ಧ ಕೂತ ಭಂಗಿಯಲ್ಲಿ. ಕಾಲು ನೋಯುತ್ತದೆ. ಇದನ್ನು ಮೊದಲೇ ಹೇಳಿ ಸೇರಿಸಿದ ಮಕ್ಕಳು ಗಟ್ಟಿಯಾಗಿ ನಿಲ್ಲುತ್ತಾರೆ. "ಮುಂದಿನ ವರ್ಷ ಸ್ಟೇಜ್ ಮೇಲೆ ಕುಣೀತೀಯ" ಅಂತ ಆಸೆ ತೋರಿಸಿ ಸೇರಿಸಿದವರು ದಸರಾ ರಜೆಗೆ ಬಿಟ್ಟು ಹೋಗುತ್ತಾರೆ.

ಇನ್ನೂ ಗೊಂದಲ ಇದ್ದರೆ ಬೇಸಿಗೆ ರಜೆ ಬಳಸಿ. ಏಪ್ರಿಲ್, ಮೇ ಶಿಬಿರಗಳು ರುಚಿ ನೋಡಲು ಒಳ್ಳೆಯ ಜಾಗ. ಮೈಸೂರಿನ ರಂಗಾಯಣದ ಚಿಣ್ಣರ ಮೇಳದಲ್ಲಿ ನಾಟಕ, ಹಾಡು, ಕೈಕೆಲಸ ಒಟ್ಟಿಗೆ ಸಿಗುತ್ತವೆ. ಬೆಂಗಳೂರಿನ ಕಬ್ಬನ್ ಪಾರ್ಕಿನಲ್ಲಿ ಬಾಲಭವನ ಇದೆ. ಈಜನ್ನಂತೂ ರಜೆಯಲ್ಲೇ ಕಲಿಸಿಬಿಡಿ. ಅದು ಜೀವ ಉಳಿಸುವ ವಿದ್ಯೆ, ನನ್ನ ಪಟ್ಟಿಯಲ್ಲಿ ಅದನ್ನು ಕ್ಲಾಸು ಅಂತ ಎಣಿಸುವುದೇ ಇಲ್ಲ.

7. ಒಂದು ಸಲಕ್ಕೆ ಒಂದೇ ಸೇರಿಸಿ

ಜೂನ್‌ನಲ್ಲಿ ಹೊಸ ಟೀಚರ್, ಹೊಸ ಪುಸ್ತಕ, ಮಳೆ, ಶೀತ. ಅದರ ಜೊತೆಗೇ ಎರಡು ಹೊಸ ಕ್ಲಾಸು ಬೇಡ. ಶಾಲೆ ಶುರುವಾಗಿ ಮೂರು ನಾಲ್ಕು ವಾರ ಆದಮೇಲೆ ಒಂದಕ್ಕೆ ಸೇರಿಸಿ. ಎರಡನೆಯದು ಬೇಕಾದರೆ ದಸರಾ ರಜೆ ಮುಗಿದ ಮೇಲೆ.

ವರ್ಷದ ಫೀಸು ಒಟ್ಟಿಗೆ ಕಟ್ಟಬೇಡಿ, ರಿಯಾಯಿತಿ ಕೊಡುತ್ತೇವೆ ಅಂದರೂ. ಕಟ್ಟಿದ ದುಡ್ಡಿಗಾಗಿ ಅಳುವ ಮಗುವನ್ನು ಎಳೆದುಕೊಂಡು ಹೋಗುವುದು ಆಗ ಶುರುವಾಗುತ್ತದೆ. ಮೊದಲ ಮೂರು ತಿಂಗಳು ತಿಂಗಳಿಗೊಮ್ಮೆ ಕಟ್ಟಿ. ಕೀಬೋರ್ಡ್, ವೀಣೆ, ದುಬಾರಿ ರ್‍ಯಾಕೆಟ್ ಆರು ತಿಂಗಳ ನಂತರ ಕೊಂಡರಾಯಿತು. ಬಾಡಿಗೆಗೋ ನೆಂಟರ ಮನೆಯಲ್ಲೋ ಸಿಗುತ್ತದಾ ನೋಡಿ.

8. ಆರು ವಾರ ಕಣ್ಣಿಡಿ

ಹೋಗುವ ಮುಂಚೆ ಗೊಣಗುವುದು ಸಾಮಾನ್ಯ. ಆಟದ ಮಧ್ಯದಿಂದ ಎದ್ದು ಬರಲು ಯಾರಿಗೆ ಇಷ್ಟ? ಮರಳಿ ಬಂದಾಗ ಮುಖ ಹೇಗಿದೆ ನೋಡಿ. ಕಲಿತದ್ದನ್ನು ತಾನಾಗೇ ಗುನುಗುತ್ತಾ, ತೋರಿಸುತ್ತಾ ಇದ್ದರೆ ಮುಂದುವರಿಸಿ.

ದಣಿವು ಬೇರೆ ಥರ ಕಾಣುತ್ತದೆ. ಬೆಳಗ್ಗೆ ಎಬ್ಬಿಸಲು ಕಷ್ಟ, ಸಂಜೆ ಚಿಕ್ಕದಕ್ಕೂ ಅಳು, ಕ್ಲಾಸಿನ ದಿನವೇ ಹೊಟ್ಟೆನೋವು, ಊಟದ ತಟ್ಟೆಯ ಮುಂದೆ ತೂಕಡಿಕೆ. ಎರಡು ವಾರ ಹೀಗಿದ್ದರೆ ಒಂದನ್ನು ಕಡಿಮೆ ಮಾಡಿ.

ಮೂರನೆಯದು ಭಯ. ಇದನ್ನು ದಣಿವಿನ ಜೊತೆ ಬೆರೆಸಬೇಡಿ. ಒಬ್ಬರ ಹೆಸರು ಹೇಳಿದರೆ ಮಗು ಮೌನವಾಗುತ್ತದೆ, ಆ ಜಾಗಕ್ಕೆ ಮಾತ್ರ ಹೋಗಲ್ಲ ಅನ್ನುತ್ತದೆ, ಹಾಸಿಗೆ ಒದ್ದೆ ಮಾಡಲು ಶುರು ಮಾಡುತ್ತದೆ. ಆಗ "ಅಡ್ಜಸ್ಟ್ ಮಾಡ್ಕೋ" ಅನ್ನಬೇಡಿ. ಅಂದೇ ನಿಲ್ಲಿಸಿ, ಬಳಿ ಕೂರಿಸಿಕೊಂಡು ಗದರದೆ ಕೇಳಿ, ಮಗು ಹೇಳಿದ್ದನ್ನು ನಂಬಿ. ಸಹಾಯ ಬೇಕಾದರೆ ಮಕ್ಕಳ ಸಹಾಯವಾಣಿ 1098ಕ್ಕೆ ಉಚಿತವಾಗಿ ಕರೆ ಮಾಡಬಹುದು. ಪೋಷಕರನ್ನು ಬಾಗಿಲ ಒಳಗೆ ಎಂದೂ ಬಿಡದ ಕ್ಲಾಸಿಗೆ ಸೇರಿಸುವ ಮುಂಚೆಯೇ ಎರಡು ಸಲ ಯೋಚಿಸಿ.

9. ಬಿಡಿಸುವಾಗ ಸರಿಯಾಗಿ ಬಿಡಿಸಿ

"ಕಲಿತದ್ದೆಲ್ಲಾ ವ್ಯರ್ಥ ಆಯ್ತಲ್ಲ" ಅಂತ ಮಗುವಿನ ಮುಂದೆ ಹೇಳಬೇಡಿ. ಒಂದು ವರ್ಷ ಸರಳೆ ವರಸೆ ಹಾಡಿದ ಕಿವಿಗೆ ಶ್ರುತಿ ತಪ್ಪಿದ್ದು ಮುಂದೆಯೂ ಗೊತ್ತಾಗುತ್ತದೆ. ಆದರೆ ಬೇಜಾರಾದ ದಿನವೇ ನಿಲ್ಲಿಸುವುದೂ ಬೇಡ. ಸೇರುವಾಗಲೇ ಒಂದು ಗಡುವು ಮಾತಾಡಿಕೊಂಡಿರಿ. "ದಸರಾ ತನಕ ಹೋಗು, ಆಮೇಲೆ ಕೂತು ಮಾತಾಡೋಣ." ಆ ದಿನ ಬಂದಾಗ ಮಾತಿಗೆ ತಪ್ಪಬೇಡಿ, ನಿಜವಾಗಿಯೂ ಮಾತಾಡಿ.

ಬಿಡಿಸುವುದು ಖಚಿತವಾದರೆ ಸುಮ್ನೆ ಕಳಿಸುವುದನ್ನು ನಿಲ್ಲಿಸಿ ಫೋನ್ ಎತ್ತದೆ ಇರಬೇಡಿ. ಹೇಳಿಕೊಟ್ಟವರಿಗೆ ಬಾಗಿಲ ಕಡೆ ನೋಡುವುದು ತಪ್ಪುವುದಿಲ್ಲ. ಮಗುವನ್ನು ಕರೆದುಕೊಂಡು ಹೋಗಿ, ಅದರ ಕೈಯಲ್ಲೇ ಎರಡು ಹಣ್ಣು ಕೊಡಿಸಿ, ಕಾರಣ ನೇರವಾಗಿ ಹೇಳಿ. ಮೊದಲು ಹೇಳಿದೆನಲ್ಲ, ಆ ಸ್ಕೇಟಿಂಗ್ ಹುಡುಗಿಯ ಅಮ್ಮ ಹಾಗೇ ಬಂದು, "ಮಿಸ್, ಎರಡರಲ್ಲಿ ಒಂದು ಬಿಡಿಸ್ತಿದೀನಿ, ಅವಳು ಸ್ಕೇಟಿಂಗ್ ಇಟ್ಕೋತಾಳಂತೆ" ಅಂದರು. ನನಗೆ ಬೇಸರವಾಯಿತು. ಆದರೂ ಪಾಠದ ನೋಟ್‌ಬುಕ್ಕನ್ನು ರದ್ದಿಗೆ ಹಾಕಬೇಡಿ ಅಂತ ಹೇಳಿ ಕಳಿಸಿದೆ. ಐದನೇ ಕ್ಲಾಸಿಗೆ ಬಂದಾಗ ಅವಳೇ ಆ ನೋಟ್‌ಬುಕ್ ಹಿಡಿದುಕೊಂಡು ಬಂದಳು. ಈಗ ಶನಿವಾರ ಬೆಳಗ್ಗೆಯ ಬ್ಯಾಚಿನಲ್ಲಿದ್ದಾಳೆ, ಕೈ ನಡುಬೆರಳಿನವರೆಗೂ ಬರುತ್ತದೆ.